ಅಂಟುವಾಳದ ನೊರೆಯೂ ಹೊಳೆಗೆ ಬೇಡ

ಬೇಸಿಗೆ ರಜೆ ಮುಗಿದು ಮಳೆ ಹಿಡಿಯುವುದರೊಳಗೆ ಡೇರೆ, ಬೆನ್ನುಚೀಲ, ಈಜುಡುಗೆ, ತಾರಸಿಯ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ತೊಳೆದು ಒಳಗಿಡಬೇಕು. ಇದಕ್ಕೆ ಡಿಟರ್ಜೆಂಟ್ ಬೇಡ, ಅಂಟುವಾಳವೋ ಹಣ್ಣಿನ ಸಿಪ್ಪೆಯ ಬಯೋಎನ್‌ಜೈಮೋ ಸಾಕು ಎನ್ನುವವರು ಬೆಂಗಳೂರಿನಲ್ಲಿ ಈಗ ಸಾಕಷ್ಟಿದ್ದಾರೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದದ್ದನ್ನು ನೋಡಿದ ಊರಿನಲ್ಲಿ ಈ ಎಚ್ಚರ ಬೇಕಾದದ್ದೇ. ಆದರೆ ಗಿಡಮರದಿಂದ ಬಂದದ್ದನ್ನು ಎಲ್ಲಿ ಚೆಲ್ಲಿದರೂ ತೊಂದರೆಯಿಲ್ಲ ಎಂಬ ನಂಬಿಕೆಯೂ ಇದರ ಜೊತೆಗೇ ಬೆಳೆದಿದೆ. ಅದನ್ನು ನಾನು ಒಪ್ಪಲಾರೆ.

ಅಂಟುವಾಳ ಒಳ್ಳೆಯ ವಸ್ತು, ಅದರಲ್ಲಿ ಅನುಮಾನವಿಲ್ಲ. ಸಿಪ್ಪೆಯಲ್ಲಿರುವ ಸಪೋನಿನ್ ನೀರಿನಲ್ಲಿ ನೊರೆಯೆದ್ದು ಕೊಳೆ ಬಿಡಿಸುತ್ತದೆ. ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ಹಿರಿಯರು ಇದನ್ನೇ ನೆಚ್ಚಿದ್ದರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಸುಣ್ಣದಂಶದೊಡನೆ ಸೇರಿ ಬಿಳಿ ಗಸಿಯಾಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ; ಅಂಟುವಾಳಕ್ಕೆ ಆ ದೋಷವಿಲ್ಲ. ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದ ರಸ ಬೆನ್ನುಚೀಲದ ಬೆವರಿಗೆ, ಟೋಪಿಗೆ, ಚಾಪೆಗೆ ಧಾರಾಳವಾಯಿತು. ಸನ್‌ಸ್ಕ್ರೀನ್ ಜಿಡ್ಡಿನ ಮುಂದೆ ಅದರ ಬಲ ಕಡಿಮೆ. ತಿಳಿಬಣ್ಣದ ಬಟ್ಟೆಗೆ ಕಂದು ಛಾಯೆ ಹಿಡಿಯುವುದೂ ಉಂಟು.

ಇದೇ ಸಪೋನಿನ್ ಮೀನಿಗೆ ವಿಷ. ಅದು ಕಿವಿರುಗಳನ್ನು ಘಾಸಿಗೊಳಿಸುತ್ತದೆ. ಸಪೋನಿನ್ ಇರುವ ಕಾಯಿ, ತೊಗಟೆಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ಕಡೆ ಬೆಳೆದದ್ದು ಇದರಿಂದಲೇ. ಚಾರಣಕ್ಕೆ ಹೋದವರು ‘ನೈಸರ್ಗಿಕ’ ಎಂದು ಬರೆದ ಸೋಪು ಹಿಡಿದು ಪಶ್ಚಿಮಘಟ್ಟದ ತೊರೆಯಲ್ಲೇ ಬೂಟು, ಪಾತ್ರೆ ತಿಕ್ಕುವುದನ್ನು ಕಂಡರೆ ಸಂಕಟವಾಗುತ್ತದೆ. ಬೇಸಿಗೆಯಲ್ಲಿ ಎಷ್ಟೋ ತೊರೆಗಳು ಹರಿವು ನಿಂತು ಬರೀ ಗುಂಡಿಗಳಾಗಿರುತ್ತವೆ. ಮೀನು, ಗೊದಮೊಟ್ಟೆಗಳಿಗೆ ಉಳಿದ ಆಸರೆ ಅಷ್ಟೇ. ನೀರನ್ನು ಪಾತ್ರೆಯಲ್ಲಿ ಒಯ್ದು, ತೊರೆಯಿಂದ ಸುಮಾರು 60 ಮೀಟರ್ ಆಚೆ ತೊಳೆದು ಮಣ್ಣಿಗೆ ಚೆಲ್ಲಬೇಕೆಂಬ ಚಾರಣಿಗರ ನಿಯಮದಿಂದ ಅಂಟುವಾಳಕ್ಕೂ ವಿನಾಯಿತಿಯಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕರಗಿಸಿಕೊಳ್ಳುತ್ತವೆ.

ಬಯೋಎನ್‌ಜೈಮ್‌ನದು ಬೇರೆ ಕಥೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಹುದುಗಿಸಿದರೆ ಸಿಗುವುದು ಹುಳಿಯಾದ ದ್ರಾವಣ. ಕುರ್ಚಿಯ ಮೇಲೆ ಗಡಸು ನೀರು ಬಿಟ್ಟ ಬಿಳಿ ಕಲೆಗೆ ಅದು ಸರಿಯಾದ ಮದ್ದು. ಅದಕ್ಕೆ ಅಡುಗೆ ಸೋಡ ಬೆರೆಸಿ, ಉಕ್ಕುವ ಗುಳ್ಳೆಗಳನ್ನೇ ಶಕ್ತಿ ಎಂದು ನಂಬುವವರಿದ್ದಾರೆ. ಆ ಗುಳ್ಳೆ ಇಂಗಾಲದ ಡೈಆಕ್ಸೈಡ್. ಹುಳಿ ಮತ್ತು ಕ್ಷಾರ ಒಂದನ್ನೊಂದು ಕಳೆದುಹಾಕಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಎರಡನ್ನೂ ಬೇರೆಬೇರೆಯಾಗಿ ಬಳಸಿದರೇ ಲಾಭ.

ಡಿಟರ್ಜೆಂಟ್ ಬಿಟ್ಟು ತೊಳೆಯುವ ಈ ಪದ್ಧತಿಯ ದೊಡ್ಡ ಕೊರತೆಯೆಂದರೆ, ಯಾವುದರಿಂದ ತೊಳೆಯಬೇಕು ಎಂಬುದರ ಬಗ್ಗೆ ಇರುವಷ್ಟು ಯೋಚನೆ ತೊಳೆಯುವ ಅಗತ್ಯವಿದೆಯೇ ಎಂಬುದರ ಬಗ್ಗೆ ಇಲ್ಲ. ಗೋಕರ್ಣದ ಮರಳು, ಮಲ್ಪೆಯ ಉಪ್ಪು ಹೋಗಲು ಸಿಹಿನೀರೊಂದೇ ಸಾಕು. ಡೇರೆಯನ್ನು ವಾಷಿಂಗ್ ಮಷೀನಿಗೆ ಹಾಕಿದರೆ ನೀರು ತಡೆಯುವ ಪಾಲಿಯುರೆಥೇನ್ ಲೇಪ ಹಾಳಾಗುತ್ತದೆ. ಸ್ಪಂಜಿನಿಂದ ಒರೆಸಿದರೆ ಮುಗಿಯಿತು. ಒದ್ದೆಯಿದ್ದಾಗಲೇ ಮಡಚಿಟ್ಟರೆ ಬೂಷ್ಟು ಬಂದು, ಅದನ್ನು ತೆಗೆಯಲು ಮತ್ತೆ ರಾಸಾಯನಿಕವನ್ನೇ ಹುಡುಕಬೇಕಾಗುತ್ತದೆ. ಒಣಗಿಸುವುದೂ ನೆರಳಿನಲ್ಲೇ ಆಗಲಿ, ಬಿಸಿಲಿನ ನೇರಳಾತೀತ ಕಿರಣ ನೈಲಾನನ್ನು ಸವೆಸುತ್ತದೆ.

ಹಾಗಾಗಿ ಅಂಟುವಾಳ ಮನೆಯಲ್ಲಿರಲಿ, ಬಯೋಎನ್‌ಜೈಮ್ ಕೂಡ ಇರಲಿ. ಡಿಟರ್ಜೆಂಟಿಗಿಂತ ಇವು ಮೇಲು ಎನ್ನಲು ನನಗೆ ಹಿಂಜರಿಕೆಯಿಲ್ಲ. ಚಾರಣದ ತಂಡಗಳನ್ನು ಕರೆದೊಯ್ಯುವವರಲ್ಲಿ ಒಂದು ಕೋರಿಕೆ: ಹೊರಡುವ ಮೊದಲೇ ಹೇಳಿಬಿಡಿ, ಯಾವ ಸೋಪೂ ತೊರೆಗೆ ಇಳಿಯಕೂಡದು.