ಅಗಳಿ ಒಳಗಿನದು

ಮಾಳಿಗೆಯ ಮನೆಗೆ ಬಾಗಿಲು ಒಂದೇ. ನಮ್ಮ ಬೇವೂರಿನ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೊಳಕ್ಕೂ ಮಿಗಿಲಾದ ದಪ್ಪದ ಮಣ್ಣಗೋಡೆ, ನಡುಹಗಲಿನ ಬಿಸಿಲನ್ನು ಕೋಲಿನಂತೆ ಒಳಗಿಳಿಸುವ ಬೆಳಕಿಂಡಿ, ಮನುಷ್ಯರೂ ಎತ್ತುಗಳೂ ಒಂದೇ ಹೊಸ್ತಿಲನ್ನು ದಾಟಿ ಬರುವ ತಲೆಬಾಗಿಲು, ಅದರ ಬೆನ್ನಿಗೆ ಒಳಗಿನಿಂದ ಅಡ್ಡ ಸರಿಸುವ ಮರದ ಅಗಳಿ. ಇಂಥದೊಂದು ಪಡಸಾಲೆಯಲ್ಲಿ ಕುಳಿತು, ಸಪ್ತಸಮುದ್ರಗಳಾಚೆಯ ಐರ್ಲೆಂಡಿನ ಶಾಲಾಶಿಕ್ಷಕಿಯೊಬ್ಬಳ ಸಂಕಟವನ್ನು ಕಳೆದ ವಾರ ಮೂರು ರಾತ್ರಿ ನೋಡಿದೆನು. ನನ್ನೊಡನೆ, ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ, ಎಂಬತ್ತರ ಅಂಚಿನಲ್ಲಿರುವ ನೆರೆಮನೆಯ ಅಮ್ಮನೂ ನೋಡಿದಳು.

ಧಾರಾವಾಹಿಯ ಹೆಸರು 'ಪಾಲಾ'. 2017ರಲ್ಲಿ ಬಿಬಿಸಿ ಪ್ರಸಾರಮಾಡಿದ ಮೂರೇ ಕಂತುಗಳ ಕೃತಿ. ಬರೆದವನು ರಂಗಭೂಮಿಯಲ್ಲಿ ಹೆಸರು ಗಳಿಸಿದ ಐರಿಷ್ ನಾಟಕಕಾರ ಕಾನರ್ ಮ್ಯಾಕ್‌ಫರ್ಸನ್, ನಾಯಿಕೆ ಡೆನಿಸ್ ಗಫ್. ರಸಾಯನಶಾಸ್ತ್ರವನ್ನು ಬೋಧಿಸುವ, ಒಂಟಿಯಾಗಿ ಬಾಳುವ ಹೆಂಗಸೊಬ್ಬಳು ಮನೆಯ ರಿಪೇರಿಗೆಂದು ಬಂದ ಸುಂದರನಾದ ಕೆಲಸಗಾರನೊಡನೆ ಒಂದು ರಾತ್ರಿ ಕಳೆಯುತ್ತಾಳೆ. ಆ ಒಂದು ರಾತ್ರಿಯ ಬಾಲವನ್ನು ಹಿಡಿದು ಭಯವು ಅವಳ ಬಾಳಿನೊಳಕ್ಕೆ ನುಸುಳುತ್ತದೆ. ನಾನು ಸಂಭಾಷಣೆಯನ್ನು ತುಂಡುತುಂಡಾಗಿ ಕನ್ನಡಿಸಿ ಹೇಳುತ್ತಿರಲು, ಅಮ್ಮ ಅಡಕೆಯನ್ನು ಕತ್ತರಿಸುವುದನ್ನು ನಿಲ್ಲಿಸಿ, "ಕದಾ ತಗದಾಕಿ ಆಕಿನ ಅಲ್ಲೇನು?" ಎಂದಳು.

ವಿದ್ಯಾವಂತನೆಂಬ ಅಹಂಕಾರವು ನನ್ನಲ್ಲಿಯೂ ಸ್ವಲ್ಪ ಉಳಿದಿರುವುದರಿಂದ, ಇದನ್ನು ಹಳೆಯ ಕಾಲದ ನಿಂದೆಯೆಂದೇ ಎಣಿಸಿ, ತಪ್ಪು ಅವಳದಲ್ಲವೆಂದು ವಾದಕ್ಕೆ ನಿಂತೆನು. ಅಮ್ಮ ನನ್ನ ವಾದವನ್ನು ನೊಣವನ್ನಟ್ಟುವಂತೆ ಕೈಬೀಸಿ ಅಟ್ಟಿದಳು. "ತಪ್ಪಂತ ಯಾರಂದರು? ಕದಾ ತಗೀದ ಬಾಳೇವು ಮಾಡಾಕ ಅಕ್ಕೈತೇನು? ನೀರು ತರಬೇಕು, ದನಾ ಬಿಡಬೇಕು, ಬಂದವರಿಗೆ ಕುಂದರ್ರಿ ಅನಬೇಕು."

ಇಪ್ಪತ್ತು ವರ್ಷಗಳಿಂದ ಈ ಬಗೆಯ ರೋಮಾಂಚಕ ಕಥನಗಳನ್ನು ವ್ಯಸನದಂತೆ ನೋಡುತ್ತ ಬಂದ ನನಗೆ, ಅವುಗಳಲ್ಲಿ ಉತ್ತಮವಾದುದನ್ನು ಅಧಮವಾದುದರಿಂದ ಬೇರ್ಪಡಿಸುವ ಮೊರವೊಂದು ಈ ಮಾತಿನಲ್ಲಿ ದೊರೆಯಿತು. ಅಧಮಕೃತಿಯು ಬಾಗಿಲು ತೆರೆದುದಕ್ಕಾಗಿ ಹೆಣ್ಣನ್ನು ದಂಡಿಸುತ್ತದೆ, ಮತ್ತು ದಂಡನೆಯನ್ನು ನೋಡುವ ಸುಖವನ್ನು ನಮಗೆ ಮಾರುತ್ತದೆ; ಉತ್ತಮಕೃತಿಯಾದರೋ, ಬಾಗಿಲು ತೆರೆಯದೆ ಬಾಳಲಾಗದೆಂಬ ಸಾಮಾನ್ಯ ಸಂಗತಿಯೊಳಗೇ ಭಯದ ಬೀಜವಿರುವುದನ್ನು ಕಂಡು, ಅವಳ ವಿವೇಚನೆಯೊಡನೆ ನಮ್ಮನ್ನೂ ಹೊಸ್ತಿಲವರೆಗೆ ನಡೆಸುತ್ತದೆ.

ಈ ವಸ್ತು ನಮ್ಮ ನೆಲಕ್ಕೆ ಹೊಸತೇನಲ್ಲ. ಬೈಲಹೊಂಗಲದ ಕೊಲೆಯೊಂದರಿಂದ ಹುಟ್ಟಿತೆನ್ನುವ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಉತ್ತರ ಕರ್ನಾಟಕದ ಹಳ್ಳಿಗಳು ಬೆಳಗಿನ ಜಾವದವರೆಗೆ ಎಚ್ಚರವಿದ್ದು ನೋಡಿವೆ. ಗಂಡ ಈರ್ಯಾ ವ್ಯಾಪಾರಕ್ಕೆಂದು ಪರಊರಿಗೆ ಹೋದಾಗ ಗಂಗಿ ಬಾಗಿಲ ಒಳಗೆ, ಸಂಗ್ಯಾ ಹೊರಗೆ. ತೆರೆಯಲಾರೆನೆಂಬುದಕ್ಕೂ ತೆರೆದೆನೆಂಬುದಕ್ಕೂ ನಡುವಣ ಹೊತ್ತೇ ಆಟದ ಜೀವ. ರಂಗದ ಮೇಲೆ ಬಾಗಿಲೆಂಬುದೇ ಇರುವುದಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಪಾತ್ರಧಾರಿಯು ಗಾಳಿಯಲ್ಲಿ ಕೈಯಾಡಿಸಿ ಅಗಳಿ ಸರಿಸುತ್ತಾನೆ, ಸಾವಿರ ಜನರಿಗೆ ಅದರ ಸದ್ದು ಕೇಳಿಸುತ್ತದೆ. ಆದರೆ ಗಂಗಿಯ ಮನಸ್ಸಿಗಿಂತ ಗಂಡಸರಿಬ್ಬರ ಗೆಳೆತನದ ದ್ರೋಹವೇ ಆಟಕ್ಕೆ ದೊಡ್ಡದಾಗಿ ತೋರುವುದು, ನನಗಂತೂ, ಒಂದು ಕೊರತೆ.

ಆ ಕೊರತೆಯನ್ನು ಕನ್ನಡದಲ್ಲಿ ತುಂಬಿದ ಕೃತಿ ಯಾವುದೆಂದು ಕೇಳಿದರೆ, ಸುನಿಲ್ ಕುಮಾರ್ ದೇಸಾಯಿಯವರ ಮೊದಲ ಚಿತ್ರ 'ತರ್ಕ'ದತ್ತ ಬೆರಳು ಮಾಡುವೆನು. 1989ರಲ್ಲಿ, ಹಾಡಿಲ್ಲದ ಕನ್ನಡ ಚಿತ್ರವೆಂದರೆ ಉಪ್ಪಿಲ್ಲದ ಊಟವೆಂದು ಹಂಚಿಕೆದಾರರು ಮುಖ ಕಿವುಚುತ್ತಿದ್ದ ದಿನಗಳಲ್ಲಿ, ಒಂದೂ ಹಾಡಿಲ್ಲದೆ ಅದು ತೆರೆಗೆ ಬಂದಿತು. ಶಂಕರ್ ನಾಗ್, ವನಿತಾ ವಾಸು, ದೇವರಾಜ್ ಮುಖ್ಯಪಾತ್ರಗಳಲ್ಲಿ. ಮರುವರ್ಷವೇ ಅದನ್ನು 'ಪುರಿಯಾದ ಪುದಿರ್' ಎಂದು ತಮಿಳಿಗೆ ತಂದು ಕೆ. ಎಸ್. ರವಿಕುಮಾರ್ ನಿರ್ದೇಶಕರಾದರು. ಕಥೆಯ ಬೀಜವು ಅಗಾಥಾ ಕ್ರಿಸ್ಟಿಯ 1958ರ ನಾಟಕವೊಂದರದು: ಮಂಜು ಮುಸುಕಿದ ರಾತ್ರಿ ಕಾರು ಹಳ್ಳಕ್ಕಿಳಿದು ಸಿಕ್ಕಿಕೊಂಡು, ಸಹಾಯ ಬೇಡಿ ಅಪರಿಚಿತನೊಬ್ಬ ಮನೆಯೊಳಗೆ ಕಾಲಿಟ್ಟಾಗ, ಗಾಲಿಕುರ್ಚಿಯಲ್ಲಿ ಗಂಡ ಸತ್ತಿದ್ದಾನೆ, ಹೆಂಡತಿ ಪಿಸ್ತೂಲು ಹಿಡಿದು ನಿಂತಿದ್ದಾಳೆ. ಬದುಕಿದ್ದಾಗ ಆ ಗಂಡನಿಗೆ ಕಿಟಕಿಯಿಂದ ಬೆಕ್ಕುಗಳಿಗೆ ಗುಂಡು ಹಾರಿಸುವುದೇ ವಿನೋದವಾಗಿತ್ತು. ಇದೇ ಬೀಜದಿಂದ 1973ರಲ್ಲಿ ಬಿ. ಆರ್. ಚೋಪ್ರಾ 'ಧುಂದ್' ಮಾಡಿದ್ದರು. ಸಾಲದ ಮಾತು ಹಾಗಿರಲಿ. 'ಪಾಲಾ'ದಲ್ಲಿ ಭಯವು ಹೊರಗಿನಿಂದ ಬಾಗಿಲು ತಟ್ಟಿ ಬರುತ್ತದೆ, ಇಲ್ಲಿ ಅಗಳಿ ಹಾಕಿದ ಮೇಲೆ ಭಯವು ಒಳಗೇ ಉಳಿಯುತ್ತದೆ, ಹೊರಗಿನಿಂದ ಬಂದವನೇ ಆಸರೆಯಂತೆ ಕಾಣುತ್ತಾನೆ. ತಾಳಿ ಕಟ್ಟಿದವನ ಕಾಲಸಪ್ಪಳಕ್ಕೆ ಬೆಚ್ಚುವ ಹೆಂಗಸಿಗೆ ಯಾವ ಅಗಳಿಯಿಂದ ಏನು ಪ್ರಯೋಜನ?

ಪವನ್ ಕುಮಾರರ 'ಯು ಟರ್ನ್' (2016) ಬಾಗಿಲನ್ನೇ ಬಿಟ್ಟು ಬೀದಿಗೆ ಬಂದಿತು. ಬೆಂಗಳೂರಿನ ಡಬಲ್ ರೋಡ್ ಮೇಲುಸೇತುವೆಯಲ್ಲಿ ವಿಭಜಕದ ಕಲ್ಲು ಸರಿಸಿ ಅಡ್ಡದಾರಿ ಹಿಡಿಯುವ ಸವಾರರ ಬೆನ್ನು ಹತ್ತಿದ ಪತ್ರಕರ್ತೆಯಾಗಿ ಶ್ರದ್ಧಾ ಶ್ರೀನಾಥ್ ಅದರಲ್ಲಿ ಚೆನ್ನಾಗಿ ನಟಿಸಿದ್ದಾರೆ. ಪೂರ್ವಾರ್ಧವು ಉತ್ತರಾರ್ಧಕ್ಕಿಂತ ಮೇಲು ಎಂದಷ್ಟು ಹೇಳಿ ಮುಂದೆ ಸಾಗುವೆನು.

ಏಕೆಂದರೆ ನನ್ನ ನಿಜವಾದ ಅಸೂಯೆ ಆ ಮೂರು ಕಂತುಗಳ ಮೇಲೆ. ನಮ್ಮ ದೂರದರ್ಶನಕ್ಕೆ ಈ ಮಿತಿಯ ಹದ ಒಮ್ಮೆ ತಿಳಿದಿತ್ತು: 1990ರ ಸುಮಾರಿಗೆ ಸದಾನಂದ ಸುವರ್ಣರ 'ಗುಡ್ಡದ ಭೂತ'ವು ಹದಿಮೂರು ಕಂತುಗಳಲ್ಲಿ ಮುಗಿದಿತ್ತು, ಪ್ರಕಾಶ್ ರೈ ಎಂಬ ತರುಣನನ್ನು ನಾವು ಕಂಡುದು ಅದರಲ್ಲಿಯೇ. ಮಾಳಿಗೆಯ ಮೇಲೆ ಒಬ್ಬ ನಿಂತು ಆಂಟೆನಾ ತಿರುಗಿಸುವುದು, ಕೆಳಗಿನಿಂದ ಹತ್ತು ಜನ "ಬಂತು, ಬಂತು, ಹೋತು!" ಎಂದು ಕೂಗುವುದು, ತೆರೆಯ ಮೇಲಿನ ಅರ್ಧ ಭೂತಗಳು ಸುವರ್ಣರವು, ಉಳಿದರ್ಧ ನಮ್ಮ ಆಂಟೆನಾದವು. ನಡುವಣ ಆರು ದಿನ ಬೋರಿಂಗಿನ ಕಟ್ಟೆಯಲ್ಲಿ ಕೊಡಗಳ ಸಾಲಿನೊಡನೆ ಕಥೆಯೂ ಬೆಳೆಯುತ್ತಿತ್ತು. ಇಂದಿನ ದೈನಂದಿನ ಧಾರಾವಾಹಿಗಳಲ್ಲಿ ಸೊಸೆಗೆ ವಿಷವಿಕ್ಕುವ ಸಂಚು ಯುಗಾದಿಗೆ ಮೊದಲಾದರೆ ದೀಪಾವಳಿಗೂ ಲೋಟ ತುಟಿಗೆ ತಾಗಿರುವುದಿಲ್ಲ. ಅಷ್ಟು ಹೊತ್ತಿಗೆ ಹಾಲು ತಾನಾಗಿಯೇ ಒಡೆದಿರುತ್ತದೆ.

ನಾಲ್ಕನೆಯ ರಾತ್ರಿ ಅಮ್ಮನಿಗೆ 'ತರ್ಕ'ವನ್ನು ತೋರಿಸಿದೆನು. ಈ ಬಾರಿ ದುಭಾಷಿಯ ಅಗತ್ಯವಿರಲಿಲ್ಲವಾಗಿ ನನಗೆ ಕೆಲಸವೂ ಇರಲಿಲ್ಲ, ಗೌರವವೂ ಇರಲಿಲ್ಲ. ಚಿತ್ರವು ಬಿಗಿಯಾಗುತ್ತ ಬಂದು, ಇನ್ನೇನು ಗಂಟು ಬಿಚ್ಚಬೇಕೆನ್ನುವ ಹೊತ್ತಿಗೆ ಕರೆಂಟು ಹೋಯಿತು. ಕಗ್ಗತ್ತಲು. ಮುಂದಿನ ಕಥೆಯನ್ನು ಬಲ್ಲವನಾದುದರಿಂದ ಹೇಳಲು ಬಾಯಿ ತೆರೆದೆನು.

"ಹೇಳಬ್ಯಾಡ," ಎಂದಿತು ಕತ್ತಲೊಳಗಿನ ದನಿ.

ಕಾಲು ಗಂಟೆಯಾದ ಮೇಲೆ ದೀಪ ಬಂದಾಗ, ಅಮ್ಮ ಗೋಡೆಗೆ ಒರಗಿದ್ದ ಜಾಗದಲ್ಲಿರಲಿಲ್ಲ. ತಲೆಬಾಗಿಲ ಅಗಳಿಯನ್ನು ಸದ್ದಿಲ್ಲದೆ ಸರಿಸಿ, ಎರಡೂ ಕದಗಳನ್ನು ಹಾರುಹೊಡೆದು, ಬೀದಿಗೆ ಮುಖಮಾಡಿ ಹೊಸ್ತಿಲ ಬಳಿ ಕುಳಿತಿದ್ದಳು.

"ಸೆಕಿ," ಎಂದಳು. "ಇನ್ನ ಹಚ್ಚು."