ತೊಗಲುಗೊಂಬೆಯೂ ಗಣಕದ ಪಾರದರ್ಶಕ ಚಿತ್ರವೂ: ಒಂದು ವಿಮರ್ಶೆ

ಚಿತ್ರವೊಂದನ್ನು ಪಾರದರ್ಶಕವೆಂದು ಕರೆದಾಗ ನಾವು ಅದನ್ನು ಕುರಿತು ಅರ್ಧ ಮಾತನ್ನು ಮಾತ್ರ ಆಡಿರುತ್ತೇವೆ. ಅದರ ಹಿಂದೆ ಏನಿದೆ, ಹಿಂದಿರುವುದು ಅದರ ಮೂಲಕ ಹೇಗೆ ತೋರಿಬರುತ್ತದೆ ಎಂಬುದನ್ನು ಹೇಳಿದಾಗಲೇ ಮಾತು ಪೂರ್ಣವಾಗುವುದು. ಗಣಕಯಂತ್ರದ ಕಡತಗಳಲ್ಲಿ ಇಂಥ ಚಿತ್ರಗಳನ್ನು ಕೂಡಿಡುವ ಬಗೆಗಳು ಹಲವು. ಅವನ್ನು ತೋರಿಸುವ ತಂತ್ರಾಂಶಗಳು ಇನ್ನೂ ಹಲವು. ನಮ್ಮ ನಾಡಿನ ಒಂದು ಕಲೆಯನ್ನು ಒರೆಗಲ್ಲಾಗಿ ಇಟ್ಟುಕೊಂಡು ಈ ಬಗೆಗಳ ಗುಣದೋಷಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕಲೆ ತೊಗಲುಗೊಂಬೆಯಾಟ.

೧

ಬಳ್ಳಾರಿ, ಚಿತ್ರದುರ್ಗ ಮೊದಲಾದ ಸೀಮೆಗಳಲ್ಲಿ ಕಿಳ್ಳೇಕ್ಯಾತರು ವಂಶಪರಂಪರೆಯಾಗಿ ಆಡಿಸಿಕೊಂಡು ಬಂದಿರುವ ಈ ಗೊಂಬೆಗಳು ಹದಮಾಡಿದ ತೊಗಲಿನವು. ಹಿರಿಯೂರಿನ ಸಮೀಪದ ಬಬ್ಬೂರಿನಲ್ಲಿ ಬಿಳಿಯ ಪರದೆಯೊಂದನ್ನು ಕಟ್ಟಿ, ಹಿಂದೆ ದೀಪವಿರಿಸಿ, ರಾವಣನ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಿದ್ದಾರೆಂದು ಭಾವಿಸೋಣ. ಆಗ ಬೆಳಕು ಗೊಂಬೆಯಲ್ಲಿ ಮೂರು ವಿಧವಾಗಿ ವರ್ತಿಸುವುದು ಕಾಣುತ್ತದೆ. ಆಭರಣಗಳಲ್ಲಿ ಕೊರೆದ ರಂಧ್ರಗಳ ಮೂಲಕ ಅದು ಯಾವ ಅಡ್ಡಿಯೂ ಇಲ್ಲದೆ ಹಾಯುತ್ತದೆ. ಕಪ್ಪು ದಟ್ಟವಾಗಿ ಹಚ್ಚಿದ ಕಡೆ ತಡೆದು ನಿಲ್ಲುತ್ತದೆ. ಬಣ್ಣ ಹಾಕಿದ ತೊಗಲಿನಲ್ಲಿ ಹಾಯುವಾಗ ಮಾತ್ರ ಆ ಬಣ್ಣವನ್ನು ಪಡೆದು ಹೊರಬರುತ್ತದೆ. ಗೊಂಬೆಯ ಜೀವವಿರುವುದು ಈ ಮೂರನೆಯದರಲ್ಲಿ.

೨

ಈಗ ಕಡತದ ನಮೂನೆಗಳನ್ನು ನೋಡೋಣ. ೧೯೮೭ರಲ್ಲಿ ಹೊರಬಂದ ಜಿಫ್ ನಮೂನೆಗೆ ಪಾರದರ್ಶಕತೆ ಬಂದದ್ದು ೧೯೮೯ರ ಪರಿಷ್ಕರಣದಲ್ಲಿ. ಅದರ ಚಿತ್ರವೊಂದರ ವರ್ಣಪಟ್ಟಿಯಲ್ಲಿ ಹೆಚ್ಚೆಂದರೆ ೨೫೬ ಬಣ್ಣಗಳು; ಅವುಗಳಲ್ಲಿ ಒಂದನ್ನು ‘ಇಲ್ಲ’ವೆಂದು ಗುರುತಿಸಬಹುದು. ಆದಕಾರಣ ಪ್ರತಿಯೊಂದು ಚಿತ್ರಬಿಂದುವೂ ಒಂದೋ ಇದೆ, ಇಲ್ಲವೋ ಇಲ್ಲ. ಗೊಂಬೆಯ ರಂಧ್ರಗಳನ್ನು ಇದು ಬಲ್ಲದು, ತೊಗಲನ್ನು ಅರಿಯದು. ೧೯೯೨ರಲ್ಲಿ ಪ್ರಮಾಣೀಕೃತವಾದ ಜೆಪೆಗ್ ನಮೂನೆ ರಂಧ್ರವನ್ನೂ ಬಲ್ಲದಲ್ಲ. ಪಾರದರ್ಶಕ ಚಿತ್ರವನ್ನು ಅದಕ್ಕೆ ಮಾರ್ಪಡಿಸುವಾಗ ಒಂದು ತಂತ್ರಾಂಶ ತೆರವಾದ ಕಡೆಗಳಿಗೆ ಬಿಳಿಯನ್ನು ತುಂಬುತ್ತದೆ, ಮತ್ತೊಂದು ಕಪ್ಪನ್ನು ತುಂಬುತ್ತದೆ.

೧೯೯೬ರ ಪಿಎನ್‌ಜಿ ನಮೂನೆ ಇವೆರಡಕ್ಕಿಂತ ಬಹಳ ಮುಂದೆ ಹೋಯಿತು. ಇದರಲ್ಲಿ ಬಿಂದುವೊಂದರ ಕೆಂಪು, ಹಸಿರು, ನೀಲಿಗಳ ಪ್ರಮಾಣದೊಡನೆ ‘ಆಲ್ಫಾ’ ಎಂಬ ನಾಲ್ಕನೆಯ ಸಂಖ್ಯೆಯನ್ನೂ ಇಡಬಹುದು. ಸಾಮಾನ್ಯವಾಗಿ ಅದು ೦ಯಿಂದ ೨೫೫ರವರೆಗೆ ಇರುತ್ತದೆ. ಸೊನ್ನೆಯೆಂದರೆ ಬಿಂದು ಪೂರ್ತಿ ತೆರವು, ೨೫೫ ಎಂದರೆ ಪೂರ್ತಿ ಮರೆ. ಆದರೆ ಪೂರ್ತಿ ತೆರವಾದ ಬಿಂದುವಿಗೂ ಕಡತದಲ್ಲಿ ಒಂದು ಬಣ್ಣ ಬರೆದಿರುತ್ತದೆ. ಆಲ್ಫಾವನ್ನು ಗಮನಿಸದ ತಂತ್ರಾಂಶದಲ್ಲಿ ಆ ಅಡಗಿದ ಬಣ್ಣ ಬಯಲಿಗೆ ಬರುತ್ತದೆ. ಟಿಫ್ ನಮೂನೆಯಲ್ಲಿ ಬಣ್ಣವನ್ನು ಆಲ್ಫಾದಿಂದ ಗುಣಿಸಿ ಇಡುವುದೂ ಉಂಟು, ಗುಣಿಸದೆ ಇಡುವುದೂ ಉಂಟು. ಗುಣಿಸಿಟ್ಟುದನ್ನು ತಂತ್ರಾಂಶವು ತಿಳಿಯದೆ ಮತ್ತೊಮ್ಮೆ ಗುಣಿಸಿದರೆ ಆಕೃತಿಯ ಅಂಚು ಕಪ್ಪಿಡುತ್ತದೆ. ಒಂದೇ ಗೊಂಬೆಯ ಚಿತ್ರ ಎರಡು ಗಣಕಗಳಲ್ಲಿ ಎರಡು ಬಗೆಯಾಗಿ ಕಾಣುವುದಕ್ಕೆ ಇಂಥವೇ ಕಾರಣಗಳು.

೩

ಮೇಲೆ ಹೇಳಿದ ದೋಷಗಳು ತಿದ್ದತಕ್ಕವು. ಹಲವನ್ನು ತಿದ್ದಿಯೂ ಆಗಿದೆ. ಇವುಗಳಿಗಿಂತ ಆಳವಾದ ದೋಷವೊಂದುಂಟು. ಅದು ತಂತ್ರಾಂಶ ನಿರ್ದುಷ್ಟವಾಗಿ ಕೆಲಸಮಾಡುವಾಗಲೂ ಉಳಿಯುತ್ತದೆ.

ಆಲ್ಫಾದ ಕಲ್ಪನೆ ಮೂಡಿದ್ದು ೧೯೭೦ರ ದಶಕದ ಕೊನೆಯಲ್ಲಿ, ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಎಂಬುವರಿಂದ. ೧೯೮೪ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಗಣಿತವನ್ನು ನಿಯಮಬದ್ಧವಾಗಿ ನಿರೂಪಿಸಿದರು. ಮುಂದಿನ ಬಣ್ಣದ ಒಂದು ಪಾಲು, ಹಿಂದಿನ ಬಣ್ಣದ ಉಳಿದ ಪಾಲು, ಇವೆರಡನ್ನೂ ಕೂಡಿಸಬೇಕೆಂಬುದು ಆ ನಿಯಮದ ಸಾರ. ತೆಳುವಾದ ಜಾಲರಿಗೆ ಈ ನಿಯಮ ಒಪ್ಪುತ್ತದೆ. ತೊಗಲು ಜಾಲರಿಯಲ್ಲ, ಬಣ್ಣದ ಸೋಸುಗ. ಕೆಂಪು ತೊಗಲಿನ ಹಿಂದೆ ಬಿಳಿಯ ಬೆಳಕಿದ್ದರೆ ನಮಗೆ ಕಾಣುವುದು ಕೆಂಪು. ಅರ್ಧ ಆಲ್ಫಾದ ಕೆಂಪನ್ನು ಬಿಳಿಯ ಮೇಲಿಟ್ಟರೆ ಕಾಣುವುದು ನಸುಗೆಂಪು. ಹಿಂದೆ ನೀಲಿಯ ಬೆಳಕಿದ್ದರೆ ತೊಗಲು ಬಹುಮಟ್ಟಿಗೆ ಕಪ್ಪಾಗುತ್ತದೆ. ಆಲ್ಫಾದ ಚಿತ್ರ ನೇರಳೆಯಾಗುತ್ತದೆ. ಹಿಂದಿನ ದೀಪವನ್ನೇ ಆರಿಸಿದೆವೆನ್ನಿ. ಪರದೆಯ ಮೇಲಿನ ರಾವಣ ಕತ್ತಲಲ್ಲಿ ಕರಗುತ್ತಾನೆ. ಗಣಕದ ರಾವಣನಾದರೋ ಕಪ್ಪು ಹಿನ್ನೆಲೆಯ ಮೇಲೆಯೂ ಅರ್ಧ ಕೆಂಪಾಗಿ ಹೊಳೆಯುತ್ತಲೇ ಇರುತ್ತಾನೆ. ದೀಪದ ಹಂಗಿಲ್ಲದ ತೊಗಲುಗೊಂಬೆಯನ್ನು ತೊಗಲುಗೊಂಬೆಯೆನ್ನಲು ಹೇಗೆ ಸಾಧ್ಯ?

ಇದು ಬರಿಯ ಅಂಗವೈಕಲ್ಯವಲ್ಲ, ಅರ್ಥವೈಕಲ್ಯ. ಮೂರು ಬಣ್ಣಗಳ ಬೆಳಕಿಗೆ ಮೂರು ಬೇರೆ ಬೇರೆ ಪ್ರಮಾಣಗಳಲ್ಲಿ ದಾರಿ ಕೊಡುವ ವಸ್ತುವನ್ನು ಒಂದೇ ಸಂಖ್ಯೆಯಿಂದ ಅಳೆಯಲು ಹೊರಟದ್ದರ ಫಲ. ಈ ನಮೂನೆಗಳ ಮಟ್ಟಿಗೆ ಪಾರದರ್ಶಕತೆಯೆಂದರೆ ಚಿತ್ರದಲ್ಲಿನ ಕೊರತೆ. ಕಿಳ್ಳೇಕ್ಯಾತರಿಗಾದರೆ ಅದು ಬಣ್ಣದ ಗುಣ.

೪

ಹಾಗಾದರೆ ಗಣಕದಿಂದ ಈ ಕೆಲಸ ಆಗದೆಂದು ಕೈಬಿಡಬೇಕೆ? ಬೇಕಿಲ್ಲ. ಹಿಂದಿನ ಬಣ್ಣವನ್ನು ಮುಂದಿನದರಿಂದ ಗುಣಿಸುವ ವಿಧಾನ ಚಿತ್ರಸಂಸ್ಕರಣದ ತಂತ್ರಾಂಶಗಳಲ್ಲಿ ಬಹುಕಾಲದಿಂದ ಇದೆ. ತೊಗಲಿಗೆ ಒಪ್ಪತಕ್ಕದ್ದು ಅದು. ೨೦೦೧ರ ಪಿಡಿಎಫ್ ೧.೪ ಆವೃತ್ತಿಯಿಂದ ಈಚೆಗೆ ಆ ನಮೂನೆಯ ಕಡತ ಈ ಸೂಚನೆಯನ್ನು ತನ್ನೊಡನೆ ಹೊತ್ತೊಯ್ಯಬಲ್ಲದು. ಪಿಎನ್‌ಜಿಯಲ್ಲಿ ಅದಕ್ಕೆ ಎಡೆಯಿಲ್ಲ.

ಗೊಂಬೆಗಳ ಚಿತ್ರಸಂಗ್ರಹಕ್ಕೆ ತೊಡಗುವ ವಿದ್ಯಾರ್ಥಿಗಳು ಮೂರು ವಿಷಯಗಳನ್ನು ಗಮನದಲ್ಲಿಡುವುದು ಒಳ್ಳೆಯದೆಂದು ನಮ್ಮ ಅಭಿಮತ. ಒಂದೊಂದು ಗೊಂಬೆಗೂ ಎರಡು ಚಿತ್ರಗಳಿರಬೇಕು, ಮುಂದಿನ ಬೆಳಕಿನಲ್ಲಿ ಒಂದು, ಹಿಂದಿನ ಬೆಳಕಿನಲ್ಲಿ ಒಂದು. ಹಿಂದಿದ್ದ ದೀಪ ಯಾವುದು, ಪರದೆ ಯಾವುದು ಎಂಬುದನ್ನು ಬರೆದಿಡಬೇಕು. ಅಂದಕ್ಕಾಗಿ ಹಿನ್ನೆಲೆಯನ್ನು ಕತ್ತರಿಸಿ ತೆಗೆದ ಪ್ರತಿಯನ್ನು ಮೂಲಪ್ರತಿಯ ಸ್ಥಾನದಲ್ಲಿ ಎಂದಿಗೂ ಇಡಬಾರದು.

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಪರಿಶ್ರಮದಿಂದ ಕೂಡಿಬಂದ ಗೊಂಬೆಗಳಿವೆ. ಗೊಂಬೆಗಳನ್ನು ಕೂಡಿಡಬಹುದು, ಆಡಿಸುವ ಕೈಗಳನ್ನು ಕೂಡಿಡಲಾಗದು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿ ದಿವಂಗತರಾದರು. ಆಟವನ್ನು ಕಣ್ಣಾರೆ ಕಾಣದ ತಲೆಮಾರು ಅದನ್ನು ಬಹುಮಟ್ಟಿಗೆ ಗಣಕದ ಕಡತಗಳಿಂದಲೇ ಅರಿಯಬೇಕಾಗುವುದು. ಬಿಳಿಯ ಹಾಳೆಯ ಮೇಲೆ ಅಂಟಿಸಿದಂತೆ ಕಾಣುವ ಗೊಂಬೆಯನ್ನೇ ನಾವು ಅವರ ಕೈಗಿತ್ತರೆ, ಅವರು ಅದನ್ನು ಬಣ್ಣದ ಚಿತ್ರವೆಂದೇ ತಿಳಿದಾರು. ಅದು ಬೆಳಕಿಗಾಗಿ ಮಾಡಿದ ವಸ್ತುವೆಂಬುದನ್ನು ಕಡತವೇ ಹೇಳುವಂತಿರಬೇಕು.