ಮೊಳೆಯೋ, ನಾಣ್ಯವೋ?

ಮೆಟಲ್ ಡಿಟೆಕ್ಟರ್ ಚಿನ್ನವನ್ನು ಗುರುತಿಸುತ್ತದೆ ಎಂದು ನಂಬಿದವರೇ ಬಹಳ. ಪಾಪ, ಅದಕ್ಕೆ ಚಿನ್ನ ಗೊತ್ತಿಲ್ಲ. ಯಂತ್ರದ ತಂತಿಸುರುಳಿಯ, ಅಂದರೆ ಕಾಯಿಲ್‌ನ ಕಾಂತಕ್ಷೇತ್ರ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಾ ನೆಲಕ್ಕಿಳಿಯುತ್ತದೆ. ಅದು ತಾಕಿದೊಡನೆ ಹೂತ ಲೋಹದಲ್ಲಿ ವಿದ್ಯುತ್ತು ಸುಳಿಸುಳಿಯಾಗಿ ಹರಿಯುತ್ತದೆ. ಆ ಸುಳಿಯ ಮರುದನಿ ಎಷ್ಟು ಜೋರಾಗಿ, ಎಷ್ಟು ತಡವಾಗಿ ಬಂತು ಎಂಬುದಷ್ಟೇ ಯಂತ್ರಕ್ಕೆ ದಕ್ಕುವ ಸುದ್ದಿ.

ದಪ್ಪ ಬೆಳ್ಳಿ, ತಾಮ್ರಕ್ಕೆ ತಡ ಹೆಚ್ಚು. ಹಾಗಾಗಿ ದನಿ ಕೀಚಲು, ಪರದೆಯ ಅಂಕಿ ದೊಡ್ಡದು. ಚಾಕೊಲೇಟ್ ಸುತ್ತಿದ ತೆಳು ಹಾಳೆಗೆ ಅಂಕಿ ಚಿಕ್ಕದು. ಕಬ್ಬಿಣದ್ದು ಸಾಮಾನ್ಯವಾಗಿ ಗೊಗ್ಗರು ದನಿ. ಚಿನ್ನವೂ ಒಳ್ಳೆಯ ವಾಹಕವೇ. ಆದರೆ ಉಂಗುರ ಸಣ್ಣದು, ಸಾಲದ್ದಕ್ಕೆ ಬೆರಕೆ ಲೋಹದ್ದು. ಅದರ ಅಂಕಿ ನಡುವೆ ಎಲ್ಲೋ ಬೀಳುತ್ತದೆ. ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಕೊಂಡಿಯದೂ ಅದೇ ಜಾಗ! ಕಸದ ಕಾಟ ಬೇಡವೆಂದು ಆ ಅಂಕಿಗಳಿಗೆ ಯಂತ್ರ ಸದ್ದು ಮಾಡದಂತೆ ಹೊಂದಿಸಿದವರು ಉಂಗುರವನ್ನೂ ದಾಟಿ ಹೋಗುತ್ತಾರೆ. ಕೊಂಡಿಗಳನ್ನು ಅಗೆಯುವ ತಾಳ್ಮೆ ಇಲ್ಲದವರು ಚಿನ್ನದ ಆಸೆ ಬಿಡುವುದೇ ಲೇಸು.

ಅಂಕಿಗಿಂತ ಕಿವಿಯೇ ಮೇಲು ಎಂಬುದು ನನ್ನ ಪಕ್ಷ. ಅನುಮಾನದ ಸದ್ದು ಬಂದರೆ ಕಾಲು ಭಾಗ ಸುತ್ತು ಬಂದು, ಇನ್ನೊಂದು ದಿಕ್ಕಿನಿಂದ ಕಾಯಿಲ್ ಬೀಸಿ ನೋಡಿ. ಮಟ್ಟಸವಾಗಿ ಮಲಗಿದ ನಾಣ್ಯ ಎರಡೂ ಕಡೆಯಿಂದ ಒಂದೇ ದನಿ ಕೊಡುತ್ತದೆ. ಉದ್ದ ಮೊಳೆ ಹಾಗಲ್ಲ: ಒಮ್ಮೆ ಕೀಚಲು, ಒಮ್ಮೆ ಗೊಗ್ಗರು, ಒಮ್ಮೆ ಎರಡು ತುಂಡಾದ ಸದ್ದು. ದೊಡ್ಡ ಚಪ್ಪಟೆ ಕಬ್ಬಿಣವಂತೂ ಬೆಳ್ಳಿಯ ವೇಷ ಹಾಕುವುದರಲ್ಲಿ ನಿಸ್ಸೀಮ. ಅದರ ಸದ್ದು ಹರಡಿಕೊಂಡಿರುತ್ತದೆ. ಕಾಯಿಲ್ ಎತ್ತಿ ಹಿಡಿದರೂ ಬೇಗ ಸಾಯುವುದಿಲ್ಲ. ಇನ್ನು ಆಳ: ಸಣ್ಣ ವಸ್ತು ತುಸು ಕೆಳಗಿದ್ದಾಗ ದೂರ ಎರಡರಷ್ಟಾದರೆ ಸಂಕೇತ ಹೆಚ್ಚುಕಡಿಮೆ 64ನೇ ಒಂದು ಪಾಲಿಗೆ ಕುಸಿಯುತ್ತದೆ. ಪಿಸುಮಾತಿನಂಥ ಸದ್ದನ್ನು ಕಡೆಗಣಿಸಬಾರದು ಎನ್ನುವುದು ಇದಕ್ಕೇ.

ಸದ್ದು ತಪ್ಪುದಾರಿಗೆಳೆದ ಪ್ರಸಿದ್ಧ ಪ್ರಸಂಗ ನಡೆದದ್ದು 1881ರಲ್ಲಿ. ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯಲ್ಲಿನ ಗುಂಡು ಹುಡುಕಲು, ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಮ್ಮ ಯಂತ್ರ ತಂದರು. ಹಾಸಿಗೆಯೊಳಗಿನ ಉಕ್ಕು ಸದ್ದು ಕೆಡಿಸಿತು. ವೈದ್ಯರೋ ಗುಂಡು ಬಲಗಡೆಯೇ ಇದೆಯೆಂದು ಹಟ ಹಿಡಿದು ಅಲ್ಲೇ ಹುಡುಕಿಸಿದರು. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಗಡೆ ಇತ್ತು. ತಪ್ಪಿದ್ದು ಯಂತ್ರದ ತತ್ತ್ವವಲ್ಲ, ಹುಡುಕಿದ ಜಾಗ.

ಸದ್ದು ಒಲಿದ ಪ್ರಸಂಗವೂ ಉಂಟು. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಹಾಕ್ಸನ್ ಎಂಬಲ್ಲಿ ರೈತನೊಬ್ಬನ ಕಳೆದುಹೋದ ಸುತ್ತಿಗೆ ಹುಡುಕಲು ಹೋದವರಿಗೆ ಸಿಕ್ಕಿದ್ದು ರೋಮನ್ನರ ಕಾಲದ ಸುಮಾರು 15 ಸಾವಿರ ಚಿನ್ನ, ಬೆಳ್ಳಿ ನಾಣ್ಯ. ಪುಣ್ಯಾತ್ಮರು ಪೂರ್ತಿ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದರು. ಹಾಗಾಗಿ ನಿಧಿ ಇಟ್ಟಿದ್ದ ಪೆಟ್ಟಿಗೆಯೊಳಗೆ ಯಾವ ವಸ್ತು ಎಲ್ಲಿತ್ತೆಂಬ ವಿವರವೂ ಇತಿಹಾಸಕಾರರಿಗೆ ದಕ್ಕಿತು. ಸುತ್ತಿಗೆಯೂ ಸಿಕ್ಕಿತೆನ್ನಿ, ಅದೀಗ ಬ್ರಿಟಿಷ್ ಮ್ಯೂಸಿಯಂನ ಸ್ವತ್ತು.

ನಮ್ಮಲ್ಲಿ ಈ ಯಂತ್ರದ ಹೆಸರೆತ್ತಿದರೆ ನೆನಪಾಗುವುದು ಪಾಳು ಗುಡಿ ಅಗೆಯುವ ನಿಧಿಗಳ್ಳರು. ಅವರ ಸಾಲಿಗೆ ಸೇರಬೇಡಿ. ಸ್ಮಾರಕಗಳ ಹತ್ತಿರ ಕಾಯಿಲ್ ಬೀಸಲೇಬೇಡಿ. ಸ್ವಂತ ಹೊಲದಲ್ಲೇ ನಿಧಿ ಸಿಕ್ಕರೂ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಕಾನೂನಿದೆ.